ಅಮ್ಮನ ಬೀಡಿ ಮೊರ, ಪಿರಿಯಾಪಟ್ಟಣದ ಸೌದೆ ರಾಶಿ: ಹೊಗೆಸೊಪ್ಪಿನ ನಿಜವಾದ ಬೆಲೆ ಯಾರು ಕೊಡುತ್ತಿದ್ದಾರೆ?

ಸುರತ್ಕಲ್ ಕಡಲತೆರೆ
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಬಸ್ಸಿನಲ್ಲಿ ಮೈಸೂರಿಗೆ ಹೋಗಿದ್ದೆ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಹತ್ತಿರ ಬಂದಾಗ ಹೊಲಗಳ ನಡುವೆ ಎತ್ತರದ ಇಟ್ಟಿಗೆ ಕೋಣೆಗಳು ಕಂಡವು. ಒಂದೊಂದರ ಪಕ್ಕದಲ್ಲೂ ಆಳೆತ್ತರದ ಸೌದೆ ರಾಶಿ. ಮಾವಿನ ಕೊಂಬೆ, ನೀಲಗಿರಿ, ಇನ್ನೂ ಹಸಿ ಇದ್ದ ದಪ್ಪ ದಿಮ್ಮಿಗಳು. ಪಕ್ಕದಲ್ಲಿ ಕೂತಿದ್ದ ಅಜ್ಜ ಹೇಳಿದರು, ‘ಅದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಣಮ್ಮ. ಆ ಸೌದೆ ಈ ಸೀಸನ್ ಮುಗಿಯುವ ಮೊದಲೇ ಖಾಲಿ.’

ಅಲ್ಲಿಂದ ಹುಣಸೂರಿನವರೆಗೂ ನಾನು ಎಣಿಸುತ್ತಲೇ ಇದ್ದೆ. ನಲವತ್ತರ ಮೇಲೆ ಲೆಕ್ಕ ತಪ್ಪಿತು.

ನನ್ನ ಅಮ್ಮ 27 ವರ್ಷ ಬೀಡಿ ಕಟ್ಟಿದ್ದಾರೆ. ನಾನು ಮಲಗುತ್ತಿದ್ದ ಕೋಣೆಯಲ್ಲೇ ಹೊಗೆಸೊಪ್ಪಿನ ಚೀಲ ಇರುತ್ತಿತ್ತು. ಆ ವಾಸನೆ ಬಂದರೆ ಇವತ್ತಿಗೂ ನನಗೆ ನೆನಪಾಗುವುದು ಮನೆ, ಸಿಗರೇಟ್ ಅಲ್ಲ. ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುವವರಿಲ್ಲ. ಆದರೂ ಅಮ್ಮನ ಕೆಮ್ಮು ನಿಂತಿಲ್ಲ, ಕುತ್ತಿಗೆ ಬಗ್ಗಿದ್ದು ನೆಟ್ಟಗಾಗಿಲ್ಲ.

ಸೇದುವವರ ಆರೋಗ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೆಳೆಯುವವರು, ಕಟ್ಟುವವರು, ಕಡಿದ ಮರ, ಇದೆಲ್ಲ ಯಾವ ಲೆಕ್ಕಕ್ಕೆ ಸೇರುತ್ತದೆ? ಬೆಳೆಯುವುದನ್ನು ಬಿಡಿ ಅಂತ ಹೇಳಲು ಬೀಡಿ ದುಡ್ಡಲ್ಲಿ ಓದಿದ ನನ್ನಂಥವರಿಗೆ ಹಕ್ಕು ಉಂಟಾ? ಗೊತ್ತಿದ್ದವರು ಹೇಳಿ.

ಬಜ್ಪೆ ಹುಡುಗ
ನನ್ನ ಅಮ್ಮನೂ ಹಾಗೇ ಅಕ್ಕ. ನನ್ನ ಪಿಯುಸಿ ಫೀಸು ಕಟ್ಟಿದ್ದು ಬೀಡಿ ದುಡ್ಡಲ್ಲಿ. ಅದನ್ನು ಕೆಟ್ಟದ್ದು ಅಂತ ಹೇಳಲು ಬಾಯಿ ಬರುವುದಿಲ್ಲ.

ಮಣಿಪಾಲ ವಿದ್ಯಾರ್ಥಿ
ಅಂಕಿ ಅಂಶ ಬೇಕಾದರೆ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕ, ಇಡೀ ಜಗತ್ತಿನಲ್ಲಿ ತಂಬಾಕಿಗೆ ಹೋಗುವುದು: ವರ್ಷಕ್ಕೆ 60 ಕೋಟಿ ಮರ, 2 ಲಕ್ಷ ಹೆಕ್ಟೇರ್ ಭೂಮಿ, 2,200 ಕೋಟಿ ಟನ್ ನೀರು. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ 8.4 ಕೋಟಿ ಟನ್. ಇಷ್ಟೂ ತಂಬಾಕು ಬೆಳೆಯುವ ರೈತರಿಂದ. ಬೀಡಿಯಲ್ಲಂತೂ ಸುತ್ತುವ ಎಲೆಯೂ ತಂಬಾಕು, ಒಳಗಿನ ಪುಡಿಯೂ ತಂಬಾಕು. ಡಬಲ್ ಹಾನಿ.

ಬಂಟ್ವಾಳದ ಮೇಷ್ಟ್ರು
ತಮ್ಮಾ, ಎರಡು ಕಡೆ ತಪ್ಪಿದ್ದೀರಿ.

ಒಂದು, ಆ ಲೆಕ್ಕ ಬರೀ ರೈತರದ್ದಲ್ಲ. ಗದ್ದೆಯಿಂದ ಹಿಡಿದು ಕಾರ್ಖಾನೆ, ಸಾಗಾಟ, ಪ್ಯಾಕೆಟ್, ಕಸದವರೆಗೆ ಇಡೀ ಉದ್ಯಮದ್ದು. ಪೂರ್ತಿ ರೈತನ ತಲೆಗೆ ಕಟ್ಟಬೇಡಿ.

ಎರಡು, ಬೀಡಿ ಎಲೆ ತಂಬಾಕಿನ ಎಲೆ ಅಲ್ಲವೇ ಅಲ್ಲ. ಅದು ತೆಂಡು ಅನ್ನುವ ಕಾಡುಮರದ ಎಲೆ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಕಡೆಯಿಂದ ಮೂಟೆಗಟ್ಟಲೆ ನಮ್ಮೂರಿಗೆ ಬರುತ್ತದೆ. ಒಳಗಿನ ಹೊಗೆಸೊಪ್ಪು ನಿಪ್ಪಾಣಿಯದ್ದು, ಗುಜರಾತಿನದ್ದು. ನೂಲು, ಕತ್ತರಿ, ಸೊಂಟನೋವು ಮಾತ್ರ ನಮ್ಮ ಜಿಲ್ಲೆಯದ್ದು.

ತೆಂಡು ಎಲೆಯ ಕಥೆಯೂ ಸಣ್ಣದಲ್ಲ. ಬೇಸಗೆಯ ಬಿಸಿಲಲ್ಲಿ ಆದಿವಾಸಿಗಳು ಇಡೀ ಕುಟುಂಬ ಸಮೇತ ಕಾಡಿಗೆ ಹೋಗಿ ಕೊಯ್ಯುತ್ತಾರೆ. ಚಿಗುರು ಚೆನ್ನಾಗಿ ಬರಲಿ ಅಂತ ಎಷ್ಟೋ ಕಡೆ ಅಡಿಯ ತರಗೆಲೆಗೆ ಬೆಂಕಿ ಹಾಕುತ್ತಾರೆ, ಕೆಲವೊಮ್ಮೆ ಅದು ಕಾಡಿಗೇ ಹಬ್ಬುತ್ತದೆ. ನಮ್ಮ ಮನೆ ಜಗಲಿಯಲ್ಲಿ ಅಜ್ಜಿ ಕತ್ತರಿಸಿದ ಎಲೆಯ ಹಿಂದೆ ಅಷ್ಟು ದೂರದ ಒಂದು ಕಾಡು ಇತ್ತು ಅಂತ ನನಗೆ ಗೊತ್ತಾಗಲು ನಿವೃತ್ತಿಯ ವಯಸ್ಸು ಬರಬೇಕಾಯಿತು.

ಮಣಿಪಾಲ ವಿದ್ಯಾರ್ಥಿ
ಸರಿ ಸರ್, ತಿದ್ದಿಕೊಂಡೆ. ಎಲೆಯ ವಿಷಯ ನಿಜಕ್ಕೂ ಗೊತ್ತಿರಲಿಲ್ಲ.

ಹುಣಸೂರು ರೈತ
ಮಗಳು ಮಂಗಳೂರಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳೇ ಈ ಚರ್ಚೆ ತೋರಿಸಿದಳು. ಓದಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ನೀರಿನ ಮಾತು. ನಮ್ಮದು ಮಳೆ ನಂಬಿದ ಬೆಳೆ. ಮುಂಗಾರಿಗೆ ಮೊದಲ ಮಳೆ ಬಿದ್ದಾಗ ಸಸಿ ನೆಡುತ್ತೇವೆ, ಹೊಗೆಸೊಪ್ಪು ಮುಗಿದ ಹೊಲದಲ್ಲಿ ರಾಗಿ ಹಾಕುವವರೂ ಇದ್ದಾರೆ. ಬೋರ್‌ವೆಲ್ ಹೀರಿ ಬೆಳೆಯುತ್ತೇವೆ ಅನ್ನಬೇಡಿ.

ಸೌದೆ ಮಾತು ಮಾತ್ರ ಒಪ್ಪಲೇಬೇಕು. ಎಲೆ ಬುಡದಿಂದ ಮೇಲಕ್ಕೆ ಹಣ್ಣಾಗುತ್ತಾ ಬರುತ್ತದೆ. ಒಂದು ಸಲಕ್ಕೆ ಗಿಡಕ್ಕೆ ಎರಡು ಮೂರು ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲಾಗಿ ಏರಿಸುತ್ತೇವೆ. ಮೊದಲು ಸಣ್ಣ ಉರಿ. ಎಲೆ ಹಳದಿ ತಿರುಗಬೇಕು. ಆಮೇಲೆ ಉರಿ ಏರಿಸುತ್ತಾ ಹೋಗಿ ಕೊನೆಗೆ 70 ಡಿಗ್ರಿ ಹತ್ತಿರ ಮುಟ್ಟಿಸಬೇಕು, ನಡುವಿನ ದಂಟು ಪಟ್ಟಂತ ಮುರಿಯುವ ತನಕ. ಐದಾರು ದಿನ ಹಗಲೂ ರಾತ್ರಿ ಒಲೆ ಆರುವಂತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಬೇಕು. ನಿದ್ದೆ ಬಂದು ಉರಿ ಜಾಸ್ತಿಯಾದರೆ ಒಣಗಿದ ಎಲೆ ಕೆಳಗಿನ ಬಿಸಿ ಕೊಳವೆ ಮೇಲೆ ಬಿದ್ದು ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ನಮ್ಮ ಪಕ್ಕದ ಹೊಲದವರದ್ದು ಹಾಗೆ ಹೋಯಿತು. ಬೆಳಗಾಗುವಾಗ ನಾಲ್ಕು ಗೋಡೆ ನಿಂತಿತ್ತು ಅಷ್ಟೇ.

ನಮ್ಮ ಬ್ಯಾರನ್‌ನಲ್ಲಿ ಒಂದು ಕೆಜಿ ಹೊಗೆಸೊಪ್ಪು ಹದ ಮಾಡಲು ನಾಲ್ಕೈದು ಕೆಜಿ ಸೌದೆ ಬೇಕು. ನನ್ನ ಅಪ್ಪನ ಕಾಲದಲ್ಲಿ ಹೊಲದ ಬದುವಿನಲ್ಲೇ ಮರ ಇತ್ತು. ಈಗ ಬದು ಬೋಳು. ಸೌದೆ ಲಾರಿಯಲ್ಲಿ ಬರುತ್ತದೆ, ನಾನು ದುಡ್ಡು ಕೊಟ್ಟು ಕೊಳ್ಳುತ್ತೇನೆ. ಅಪ್ಪ ನೆಟ್ಟ ಎರಡು ಹಲಸಿನ ಮರವನ್ನು ಬೆಲೆ ಬಿದ್ದ ವರ್ಷ ನಾನೇ ಕಡಿಸಿದೆ. ಅದರ ಬುಡ ಇನ್ನೂ ಹಾಗೇ ಇದೆ, ಕೀಳಿಸಿಲ್ಲ.

ಕಾರ್ಕಳದ ಕರಿಕಲ್ಲು
ಲೆಕ್ಕ ಹಾಕಿ ನೋಡಿ. ರಾಜ್ಯದಲ್ಲಿ ಇಷ್ಟೇ ಹೊಗೆಸೊಪ್ಪು ಬೆಳೆಯಬೇಕು ಅಂತ ತಂಬಾಕು ಮಂಡಳಿ ಈಚೆಗೆ ಇಡುತ್ತಿರುವ ಮಿತಿ ಸುಮಾರು 10 ಕೋಟಿ ಕೆಜಿ. ಅಣ್ಣ ಹೇಳಿದ ಹಾಗೆ ಕೆಜಿಗೆ ನಾಲ್ಕು ಕೆಜಿ ಸೌದೆ ಹಿಡಿದರೂ 4 ಲಕ್ಷ ಟನ್ ಆಯಿತು. ಒಂದೇ ಹಂಗಾಮಿಗೆ, ನಮ್ಮ ಒಂದೇ ರಾಜ್ಯದಲ್ಲಿ.

ವೆನ್ಲಾಕ್ ರಸ್ತೆ ನರ್ಸ್
ಎಲೆ ಮುರಿಯುವವರ ಆರೋಗ್ಯದ ಬಗ್ಗೆ ಯಾರೂ ಹೇಳಲಿಲ್ಲ. ಹಸಿ ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಎಲೆ ಮಳೆಯಲ್ಲೋ ಇಬ್ಬನಿಯಲ್ಲೋ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ತಲೆಸುತ್ತು, ವಾಂತಿ, ತಲೆನೋವು, ಸುಸ್ತು. ಬಿಸಿಲಿಗೆ ಆಯಿತು, ಪಿತ್ತ ಆಯಿತು ಅಂತ ಅಂದುಕೊಂಡು ಮಾರನೇ ದಿನ ಮತ್ತೆ ಅದೇ ಹೊಲಕ್ಕೆ ಇಳಿಯುತ್ತಾರೆ. ಸೇದುವ ಅಭ್ಯಾಸ ಇರುವವರಿಗೆ ದೇಹ ಸ್ವಲ್ಪ ಒಗ್ಗಿರುತ್ತದೆ. ಯಾವತ್ತೂ ಸೇದದ ಹೆಂಗಸರಿಗೆ, ಮಕ್ಕಳಿಗೆ ಬೇಗ ತಾಗುತ್ತದೆ.

ಅಣ್ಣ, ನಿಮ್ಮ ಮನೆಯವರು ಎಲೆ ಮುರಿಯುವಾಗ ತೋಳು ಮುಚ್ಚುವ ಅಂಗಿ, ಕೈಗವಸು ಹಾಕಲಿ. ಮೈ ಒದ್ದೆಯಾದರೆ ತಕ್ಷಣ ಬಟ್ಟೆ ಬದಲಿಸಲಿ. ಕೈ ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ.

ಹುಣಸೂರು ರೈತ
ಅಕ್ಕಾ, ನೀವು ಹೇಳಿದ್ದು ಓದಿ ಮನೆಯವಳಿಗೆ ತೋರಿಸಿದೆ. ‘ನನಗೆ ಮದುವೆಯಾದ ವರ್ಷ ಆಗಿದ್ದು ಇದೇ’ ಅಂದಳು. ಎಲೆ ಮುರಿದ ದಿನ ಅವಳ ಕೈ ಕಪ್ಪು ಅಂಟಿನಿಂದ ಟಾರು ಬಳಿದ ಹಾಗೆ ಇರುತ್ತದೆ. ಆ ಕೈಯಲ್ಲಿ ಮುದ್ದೆ ಕಹಿ ಆಗುತ್ತದೆ ಅಂತ ರಾತ್ರಿ ಊಟ ಬಿಡುತ್ತಿದ್ದಳು. ನಾವು ಅದನ್ನು ಕಾಯಿಲೆ ಅಂತ ಎಣಿಸಿಯೇ ಇರಲಿಲ್ಲ.

ಪಡುಬಿದ್ರಿ ಗಾಳಿ
ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬೆಳೆಯುತ್ತೀರಿ? ಬೇರೆ ಬೆಳೆ ಇಲ್ವಾ? ಶುಂಠಿ ಹಾಕಿ, ಜೋಳ ಹಾಕಿ.

ಹುಣಸೂರು ರೈತ
ಶುಂಠಿ ಹಾಕಿದ್ದೆ. ಒಂದು ವರ್ಷ ಒಳ್ಳೆ ಬೆಲೆ. ಮರು ವರ್ಷ ಕೊಳೆರೋಗ ಬಂದು ಗೆಡ್ಡೆ ನೆಲದಲ್ಲೇ ಕರಗಿತು. ಶುಂಠಿಗೆ ಹೊಡೆಯುವ ಔಷಧಿ ನೋಡಿದರೆ ಹೊಗೆಸೊಪ್ಪೇ ವಾಸಿ ಅನ್ನಿಸುತ್ತದೆ.

ಹೊಗೆಸೊಪ್ಪಿಗೆ ಬ್ಯಾರನ್ ಕಾರ್ಡ್, ಅಂದರೆ ಮಂಡಳಿಯ ಪರವಾನಗಿ, ಇದ್ದರೆ ಬ್ಯಾಂಕ್ ಸಾಲ ಸಿಗುತ್ತದೆ, ಗೊಬ್ಬರ ಸಿಗುತ್ತದೆ. ಬೇಲ್ (ಒಣಗಿದ ಎಲೆಯ ಮೂಟೆ) ಕಟ್ಟಿ ಹರಾಜು ಕಟ್ಟೆಗೆ ಒಯ್ದರೆ ಬೆಲೆ ಹೆಚ್ಚೋ ಕಮ್ಮಿಯೋ, ದುಡ್ಡು ಖಾತೆಗೆ ಬರುತ್ತದೆ. ಟೊಮೆಟೊ ಬೆಳೆದವನಿಗೆ ಈ ಭರವಸೆ ಯಾರು ಕೊಡುತ್ತಾರೆ ಹೇಳಿ. ಹಾಗಂತ ನಾವು ಉದ್ಧಾರ ಆಗಿದ್ದೇವೆ ಅಂತಲೂ ಅಲ್ಲ. ಆ ಸಾಲ, ಸೌದೆ, ಕೂಲಿ ಎಲ್ಲ ಕಳೆದ ಮೇಲೆ ಉಳಿಯುವುದು ಮುಂದಿನ ವರ್ಷದ ಸಾಲಕ್ಕೆ ಯೋಗ್ಯತೆ ಅಷ್ಟೇ. ಮನೆಯವರೆಲ್ಲರ ಕೂಲಿ ಲೆಕ್ಕಕ್ಕೆ ಹಿಡಿದರೆ ಅದೂ ಇಲ್ಲ.

ಲಿಲಾಂಗ್ವೆಯಿಂದ ಕುಡ್ಲ
ನಾನು ಮಲಾವಿಯಲ್ಲಿ ಆರು ವರ್ಷ ಅಕೌಂಟ್ಸ್ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ನೀವು ಹೇಳುವ ಸಾಲದ ಕಥೆ ಅಲ್ಲಿ ಇನ್ನೂ ಕಠಿಣ.

ಮಲಾವಿ ರಫ್ತಿನಿಂದ ಗಳಿಸುವ ವಿದೇಶಿ ಹಣದ ದೊಡ್ಡ ಪಾಲು ತಂಬಾಕಿನದ್ದು. ಹರಾಜಿನ ತಿಂಗಳುಗಳಲ್ಲಿ ಲಿಲಾಂಗ್ವೆಯ ಕನೆಂಗೊ ಕಡೆ ಹೋದರೆ ಬೇಲ್ ತುಂಬಿದ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಹರಾಜು ಚೆನ್ನಾಗಿ ನಡೆದರೆ ದೇಶದಲ್ಲಿ ಡಾಲರ್ ಇರುತ್ತದೆ, ಡೀಸೆಲ್ ಸಿಗುತ್ತದೆ. ಒಂದು ಎಲೆಯ ಮೇಲೆ ಒಂದು ದೇಶ ಕೂತ ಹಾಗೆ.

ದೊಡ್ಡ ಎಸ್ಟೇಟುಗಳಲ್ಲಿ ಒಕ್ಕಲು ಪದ್ಧತಿ ಇತ್ತು. ಬಡ ಕುಟುಂಬ ಹೆಂಡತಿ ಮಕ್ಕಳ ಸಮೇತ ಬಂದು ಎಸ್ಟೇಟಿನಲ್ಲೇ ಗುಡಿಸಲು ಹಾಕಿಕೊಳ್ಳುತ್ತಿತ್ತು. ತಿನ್ನಲು ಮೆಕ್ಕೆಜೋಳದ ಹಿಟ್ಟು, ಗೊಬ್ಬರ ಎಲ್ಲ ಧಣಿಯೇ ಸಾಲಕ್ಕೆ ಕೊಡುತ್ತಿದ್ದ. ಹರಾಜು ಮುಗಿದ ಮೇಲೆ ಸಾಲ ಕಳೆದು ಕೈಗೆ ಏನಾದರೂ ಬಂದರೆ ಪುಣ್ಯ. ಇಡೀ ವರ್ಷಕ್ಕೆ ಒಂದು ಸಲ ಲೆಕ್ಕ, ಆ ಲೆಕ್ಕದ ಪುಸ್ತಕ ಇರುತ್ತಿದ್ದದ್ದು ಧಣಿಯ ಕೈಯಲ್ಲಿ. ಮಕ್ಕಳು ಶಾಲೆ ಬಿಟ್ಟು ಎಲೆ ಕಟ್ಟುತ್ತಿದ್ದರು. ಬಲವಂತದ ದುಡಿಮೆ, ಬಾಲ ದುಡಿಮೆ ಇದೆ ಅಂತ 2019ರಲ್ಲಿ ಅಮೆರಿಕ ಮಲಾವಿ ತಂಬಾಕಿನ ಆಮದನ್ನೇ ತಡೆಯಿತು. ಆಮೇಲೆ 2021ರಲ್ಲಿ ಅಲ್ಲಿನ ಸರಕಾರ ಒಕ್ಕಲು ಪದ್ಧತಿಯನ್ನು ಕಾನೂನಿನಲ್ಲಿ ರದ್ದು ಮಾಡಿತು.

ಒಂದು ವ್ಯತ್ಯಾಸ ಹೇಳುತ್ತೇನೆ. ಅಲ್ಲಿನದ್ದು ಹೆಚ್ಚಾಗಿ ಬರ್ಲಿ ಅನ್ನುವ ತಂಬಾಕಿನ ಜಾತಿ. ಗಾಳಿಗೆ ಒಣಗಿಸುತ್ತಾರೆ, ಬೆಂಕಿ ಬೇಡ. ಆದರೆ ಒಣಗಿಸುವ ಚಪ್ಪರಕ್ಕೆ ಕಂಬ ಬೇಕಲ್ವಾ, ಗೆದ್ದಲು ತಿಂದ ಹಾಗೆ ಹೊಸ ಕಂಬ ಬೇಕು. ಅದಕ್ಕೂ ಎಳೆ ಮರ ಕಡಿಯುತ್ತಾರೆ.

ಬಜ್ಪೆ ಹುಡುಗ
ಧಣಿ, ಒಕ್ಕಲು, ಲೆಕ್ಕದ ಪುಸ್ತಕ. ನಮ್ಮ ಅಜ್ಜ ಗೇಣಿ ಕಾಲದ ಬಗ್ಗೆ ಹೇಳುತ್ತಿದ್ದದ್ದು ಕೇಳಿದ ಹಾಗಾಯಿತು.

ಪಡುಬಿದ್ರಿ ಗಾಳಿ
ಮೈಸೂರಿನವರನ್ನು, ಆಫ್ರಿಕಾದವರನ್ನು ಹೇಳುವ ಮೊದಲು ನಮ್ಮ ಅಡಿಕೆ ತೋಟ ನೋಡಿಕೊಳ್ಳಿ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಗುಟ್ಕಾಕ್ಕೆ ಹೋಗುವ ಅಡಿಕೆ ಯಾರ ತೋಟದ್ದು?

ಪುತ್ತೂರು ತೋಟದವ
ಅಡಿಕೆಗೂ ಹೊಗೆಸೊಪ್ಪಿಗೂ ಹೋಲಿಕೆ ಮಾಡಬೇಡಿ ಮಾರಾಯ್ರೆ. ಅಡಿಕೆ ಒಣಗಿಸಲು ಬಿಸಿಲು ಸಾಕು, ಕಾಡು ಕಡಿಯುವುದಿಲ್ಲ. ಮದುವೆ ಮುಂಜಿಗೆ, ದೇವರಿಗೆ, ಭೂತದ ಕೋಲಕ್ಕೆ ವೀಳ್ಯ ಅಡಿಕೆ ಬೇಕು. ನಾನು ಎರಡು ಎಕರೆಯಲ್ಲಿ ಮನೆ ನಡೆಸುವವ.

ಪಡುಬಿದ್ರಿ ಗಾಳಿ
ದೇವರಿಗೆ ಇಡುವ ಅಡಿಕೆ ಎಷ್ಟು, ಗುಟ್ಕಾಕ್ಕೆ ಹೋಗುವ ಅಡಿಕೆ ಎಷ್ಟು? ಎರಡು ಎಕರೆ ಇದ್ದವರು ನೀವು ಹೇಳುವುದು, ಹುಣಸೂರಿನ ಅಣ್ಣ ಹೇಳಿದ್ದು ಒಂದೇ ಮಾತು. ಬದುಕು ನಡೀಬೇಕು ಅಂತ. ಅದನ್ನೇ ನಾನೂ ಹೇಳುತ್ತಿರುವುದು.

ಪುತ್ತೂರು ತೋಟದವ
ಆ ಮಾತು ಒಪ್ಪುತ್ತೇನೆ. ಹಳದಿ ಎಲೆ ರೋಗ, ಎಲೆಚುಕ್ಕಿ ಬಂದ ಮೇಲೆ ನಮಗೂ ಬೇರೆ ಬೆಳೆ ಹುಡುಕುವ ಕಷ್ಟ ಏನು ಅಂತ ಗೊತ್ತಾಗಿದೆ.

ವೇದಿಕೆ ನೋಡಿಕೊಳ್ಳುವವರು
ಅಡಿಕೆಗೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಹೊಗೆಸೊಪ್ಪಿನ ಮಾತು ಮುಂದುವರಿಯಲಿ.

ಮಲ್ಪೆ ಬಂದರು
ನಾವು ಕೆಲವರು ಭಾನುವಾರ ಬೆಳಗ್ಗೆ ಕಡಲ ತೀರ ಗುಡಿಸುತ್ತೇವೆ. ಬಾಟಲಿ, ಬಲೆ ತುಂಡು ಎಲ್ಲ ದೊಡ್ಡದು, ಬೇಗ ಹೆಕ್ಕಬಹುದು. ಸಿಗರೇಟ್ ತುಂಡು ಹೆಕ್ಕುವುದೇ ಕಷ್ಟ. ಮರಳಿನ ಬಣ್ಣಕ್ಕೇ ತಿರುಗಿರುತ್ತದೆ. ಫಿಲ್ಟರ್ ಹತ್ತಿ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ನೀರಿಗೆ ಬಿದ್ದರೆ ಹೀರಿಕೊಂಡ ವಿಷ ಎಲ್ಲ ಬಿಡುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಬಿಸಾಡುವ ತುಂಡು 4.5 ಲಕ್ಷ ಕೋಟಿ ಅಂತ ಲೆಕ್ಕ. ಬೀಡಿ ತುಂಡಿನಲ್ಲಿ ಆ ಪ್ಲಾಸ್ಟಿಕ್ ಇಲ್ಲ, ಹಾಗಂತ ಬೀಡಿ ಒಳ್ಳೆಯದು ಅಂತ ಯಾರೂ ತಿಳಿಯಬೇಡಿ.

ಯೂನಿಯನ್ ಕಚೇರಿ ಅಣ್ಣ
ಬೀಡಿ ವಿಷಯದಲ್ಲಿ ಸ್ವಲ್ಪ ಹಳೇ ಮಾತು ಹೇಳುತ್ತೇನೆ. ನಾನು ಈ ಜಿಲ್ಲೆಯಲ್ಲಿ 30 ವರ್ಷ ಬೀಡಿ ಕೆಲಸಗಾರರ ಜೊತೆ ಓಡಾಡಿದವ.

ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಅಂತ ಅದು ಹೇಳಿತು. ಅದನ್ನು ಪ್ರಶ್ನಿಸಿ ಮಾಲೀಕರು ಕೋರ್ಟಿಗೆ ಹೋದರು, 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಸರಿ ಅಂತ ತೀರ್ಪು ಕೊಟ್ಟಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್ ಅನ್ನುವ ಹೆಚ್ಚುವರಿ ತೆರಿಗೆಯ ದುಡ್ಡಿನಿಂದ ಮಕ್ಕಳಿಗೆ ವಿದ್ಯಾರ್ಥಿವೇತನ, ಆಸ್ಪತ್ರೆ, ಮನೆಗೆ ಸಹಾಯ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು.

ಕಾಗದದಲ್ಲಿ ಹಕ್ಕು ಇತ್ತು, ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನ ಜಗಲಿಯಲ್ಲಿ ಕಥೆ ಬೇರೆ ಇತ್ತು. ಎಲೆ ತೂಗಿ ಕೊಡುತ್ತಾರೆ, ಅದರಲ್ಲಿ ತೂತು ಬಿದ್ದದ್ದು, ಒಣಗಿದ್ದು ಎಷ್ಟೋ. ಆದರೂ ಲೆಕ್ಕದ ಸಾವಿರ ಬೀಡಿ ಕೊಡಬೇಕು. ಕಡಿಮೆ ಬಿದ್ದ ಎಲೆ ಅಂಗಡಿಯಿಂದ ತರುವುದು ಹೆಂಗಸರ ಕೈ ದುಡ್ಡಲ್ಲಿ. ಚೆಕ್ ಮಾಡುವವ ಕಟ್ಟು ಬಿಡಿಸಿ ನಾಲ್ಕು ಬೀಡಿ ಒತ್ತಿ ನೋಡಿ, ಮೆತ್ತಗಿದೆ ಅಂತ ಬದಿಗೆ ಸರಿಸಿದರೆ ಆ ದಿನದ ಎರಡು ಗಂಟೆ ಕೆಲಸ ಹೋಯಿತು. ಬದಿಗೆ ಸರಿಸಿದ ಬೀಡಿಯನ್ನು ವಾಪಸ್ ಕೊಡುತ್ತಲೂ ಇರಲಿಲ್ಲ. ಒಬ್ಬರು ಅಮ್ಮ ನನ್ನ ಎದುರೇ ಕೇಳಿದ್ದರು, ‘ಕೆಟ್ಟ ಬೀಡಿ ಆದರೆ ಮತ್ತೆ ನಿಮಗೆ ಯಾಕೆ ಅದು?’ ಯಾರೂ ಉತ್ತರ ಕೊಡಲಿಲ್ಲ.

ಈಗ ಹೊಸಬರು ಕಟ್ಟಲು ಬರುವುದಿಲ್ಲ. ಬಟ್ಟೆ ಅಂಗಡಿ, ಆಸ್ಪತ್ರೆ, ಗೇರುಬೀಜ ಕಾರ್ಖಾನೆ ಕಡೆ ಹೋಗುತ್ತಾರೆ. ಉಳಿದವರೆಲ್ಲ ಐವತ್ತು ದಾಟಿದವರು. ನಾಳೆ ಬೀಡಿ ನಿಂತರೆ ಅವರಿಗೆ ಬೇರೆ ಕೆಲಸ ಕಲಿಯುವ ವಯಸ್ಸಿಲ್ಲ.

ಕಾರ್ಕಳದ ಕರಿಕಲ್ಲು
ಹುಡುಗಿ ನೋಡಲು ಬಂದವರು ‘ಬೀಡಿ ಕಟ್ಟಲು ಬರುತ್ತದಾ’ ಅಂತ ಕೇಳುತ್ತಿದ್ದ ಕಾಲ ನನಗೆ ನೆನಪಿದೆ. ನನ್ನ ಚಿಕ್ಕಮ್ಮ ಮದುವೆಗೆ ಮಾಡಿಸಿದ ಚಿನ್ನ ಪೂರ್ತಿ ಅವರದ್ದೇ ಬೀಡಿ ದುಡ್ಡು. ಬೆರಳ ತುದಿ ಸವೆದು ನಯವಾಗಿತ್ತು. ಆಧಾರ್ ಮಾಡಿಸುವಾಗ ಬೆರಳಚ್ಚು ಬರಲೇ ಇಲ್ಲ, ಮೂರು ಸಲ ಹೋಗಬೇಕಾಯಿತು.

ಬಂಟ್ವಾಳದ ಮೇಷ್ಟ್ರು
ಬೇರೆ ದಾರಿ ಇಲ್ಲವೇ ಇಲ್ಲ ಅಂತ ಕೈಚೆಲ್ಲಬೇಡಿ. ಕೆನ್ಯಾದ ಮಿಗೊರಿ ಎಂಬಲ್ಲಿ ತಂಬಾಕು ಬೆಳೆಯುತ್ತಿದ್ದ ರೈತರು ಕಬ್ಬಿಣದ ಅಂಶ ಜಾಸ್ತಿ ಇರುವ ಹುರುಳಿಕಾಯಿ ಜಾತಿಯ ಬೀನ್ಸ್ ಬೆಳೆಯಲು ಶುರು ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆಹಾರ ಕಾರ್ಯಕ್ರಮ ಮೂರೂ ಸೇರಿ ಮಾಡಿದ್ದು. ಬೀಜ ಕೊಟ್ಟರು, ತರಬೇತಿ ಕೊಟ್ಟರು, ಎಲ್ಲಕ್ಕಿಂತ ಮುಖ್ಯವಾಗಿ ಬೆಳೆದದ್ದನ್ನು ಕೊಳ್ಳುವ ವ್ಯವಸ್ಥೆ ಮಾಡಿದರು.

ನಮ್ಮಲ್ಲೂ ತಂಬಾಕು ಬದಲು ಬೇರೆ ಬೆಳೆ ಅನ್ನುವ ಕಾರ್ಯಕ್ರಮ 2015-16ರಿಂದ ಇದೆ. ಜಾಗತಿಕ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿದೆ. ಬೆಳೆಗಾರರಿಗೂ ಕೆಲಸಗಾರರಿಗೂ ಬೇರೆ ದಾರಿ ಮಾಡಿಕೊಡಬೇಕು ಅಂತ ಅದರ 17ನೇ ವಿಧಿ ಹೇಳುತ್ತದೆ, ಪರಿಸರ ಕಾಯಬೇಕು ಅಂತ 18ನೇ ವಿಧಿ. ಇತ್ತ ವಾಣಿಜ್ಯ ಇಲಾಖೆಯ ಕೈಕೆಳಗಿನ ತಂಬಾಕು ಮಂಡಳಿಯ ಕೆಲಸ ರಫ್ತು ಬೆಳೆಸುವುದು. ಒಂದು ಇಲಾಖೆ ಬಿಡಿ ಅನ್ನುತ್ತದೆ, ಇನ್ನೊಂದು ಬೆಳೆಯಿರಿ ಅನ್ನುತ್ತದೆ. ನಡುವೆ ರೈತ ಯಾರ ಮಾತು ಕೇಳಬೇಕು?

ಹುಣಸೂರು ರೈತ
ಮೇಷ್ಟ್ರೇ, ಬೀನ್ಸ್ ಕೊಳ್ಳುವವರು ಇದ್ದರು ಅಂದಿರಲ್ಲ, ಅಲ್ಲೇ ಇದೆ ವಿಷಯ. ಹರಾಜು ಕಟ್ಟೆಯ ಹಾಗೆ ರಾಗಿಗೆ, ಅವರೆಗೆ, ಅಲಸಂದೆಗೆ ಒಂದು ಕಟ್ಟೆ ಮಾಡಲಿ. ಕಾರ್ಡ್ ವಾಪಸ್ ಕೊಟ್ಟವನಿಗೆ ಆ ಸಾಲದ ಭಾರ ಇಳಿಸಲಿ. ಐದು ವರ್ಷ ಜೊತೆಗೆ ನಿಲ್ಲಲಿ. ನಾನು ಮೊದಲು ಕಾರ್ಡ್ ಕೊಡುತ್ತೇನೆ. ನಮ್ಮೂರಲ್ಲಿ ನನ್ನ ಹಾಗೆ ಅನ್ನುವವರು ಹತ್ತು ಮನೆಯಾದರೂ ಇದ್ದಾರೆ.

ಸುರತ್ಕಲ್‌ನ ಅಮ್ಮಾ, ಹಕ್ಕು ಉಂಟಾ ಅಂತ ಕೇಳಿದಿರಿ. ಕೇಳಿ. ನಮ್ಮನ್ನು ಬೈಯಲು ಕೇಳಬೇಡಿ, ನಮ್ಮ ಪರವಾಗಿ ಕೇಳಿ.

ಸುರತ್ಕಲ್ ಕಡಲತೆರೆ
ಎಲ್ಲರದ್ದೂ ಓದಿದೆ. ಅಣ್ಣ, ನಿಮ್ಮ ಮಾತು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಲಸಿನ ಮರದ ಜಾಗ ಬಂದಾಗ ‘ಇನ್ನೊಮ್ಮೆ ಓದು’ ಅಂದರು. ಸೊಪ್ಪು ಬೇಯಿಸಲು ಮರ ಕಡಿಯುತ್ತಾರೆ ಅಂತ ಅವರಿಗೂ ಗೊತ್ತಿರಲಿಲ್ಲ. ಅವರು ಕಟ್ಟಿದ ಬೀಡಿಯ ಸೊಪ್ಪು ಬಿಸಿಲಲ್ಲಿ ಒಣಗಿಸಿದ್ದು, ಬ್ಯಾರನ್‌ನದ್ದು ಸಿಗರೇಟಿಗೆ ಹೋಗುವುದು ಅಂತ ಹೇಳಿದೆ. ‘ಎರಡೂ ಯಾರದ್ದೋ ಮನೆಯ ಹೆಂಗಸೇ ಮುರಿದದ್ದಲ್ವಾ’ ಅಂದರು.

ಯೂನಿಯನ್ ಅಣ್ಣ, ಒಂದು ಸಹಾಯ ಬೇಕು. ಅಮ್ಮನ ಪಿಎಫ್ ಪಿಂಚಣಿ ಎರಡು ವರ್ಷದಿಂದ ನಿಂತುಹೋಗಿದೆ. ಬೀಡಿ ಲೆಕ್ಕ ಬರೆಯುವ ಲಾಗ್ ಬುಕ್‌ನಲ್ಲಿ ಅಪ್ಪನ ಮನೆಯ ಹೆಸರು ಇದೆ, ಆಧಾರ್‌ನಲ್ಲಿ ಗಂಡನ ಮನೆಯದ್ದು. ಹುಟ್ಟಿದ ವರ್ಷವೂ ತಾಳೆಯಾಗುತ್ತಿಲ್ಲ. ಪ್ರತಿ ಸಲ ಇನ್ನೊಂದು ಕಾಗದ ತನ್ನಿ ಅನ್ನುತ್ತಾರೆ.

ಯೂನಿಯನ್ ಕಚೇರಿ ಅಣ್ಣ
ಇದು ನೂರಾರು ಜನರ ಕಷ್ಟ ಅಕ್ಕ. ಹೆಸರು, ಹುಟ್ಟಿದ ದಿನ ತಿದ್ದಲು ಜಂಟಿ ಘೋಷಣೆ ಅಂತ ಒಂದು ಅರ್ಜಿ ಇದೆ. ಅದರಲ್ಲಿ ಕಂಪನಿಯವರ ಸಹಿಯೂ ಬೇಕು. ಲಾಗ್ ಬುಕ್‌ನ ಎಲ್ಲ ಪುಟದ ಜೆರಾಕ್ಸ್, ಆಧಾರ್, ಶಾಲೆಯ ದಾಖಲೆ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ, ಬಾಯಿ ಮಾತಲ್ಲಿ ಬರಬೇಡಿ. ಲಾಗ್ ಬುಕ್ ಹಾಳಾಗಿಲ್ಲ ತಾನೇ?

ಸುರತ್ಕಲ್ ಕಡಲತೆರೆ
ಇಲ್ಲ ಅಣ್ಣ. ಹಳೇ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದಾರೆ. ಈಗಷ್ಟೇ ಇಳಿಸಿದೆ. ಪುಟ ತೆರೆದರೆ ಇನ್ನೂ ಹೊಗೆಸೊಪ್ಪಿನ ವಾಸನೆ. ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.